ಗುರಾಣಿಯ ಗುರುತು ಮತ್ತು ಪೀಠದ ಲಾಂಛನ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಳ ಸಂದರ್ಭದಲ್ಲಿ ಲಾಂಛನಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ನಾನು ತಮ್ಮನ್ನು ಮೊದಲು ಯೂರೋಪಿನ ರಣರಂಗಕ್ಕೆ ಕರೆದೊಯ್ದು, ಅನಂತರ ಬಸದಿಯ ಗರ್ಭಗೃಹಕ್ಕೆ ಮರಳುವವನಿದ್ದೇನೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರ ಸಭೆಯಲ್ಲಿ ಯೋಧರ ಗುರಾಣಿಯ ಮಾತೇಕೆ ಎಂದು ತಮಗೆ ಅನಿಸಬಹುದು. ಎರಡೆಡೆಯಲ್ಲಿಯೂ ಮೂಲ ಪ್ರಶ್ನೆ ಒಂದೇ ಆಗಿದೆ: ಮುಖವನ್ನು ನೋಡಿ ಗುರುತಿಸಲಾಗದಿದ್ದಾಗ ಇವರು ಯಾರೆಂದು ತಿಳಿಯುವುದು ಹೇಗೆ?

ಕ್ರಿ.ಶ. 1066ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬಲ್ಲಿ ಮಹಾಯುದ್ಧವೊಂದು ನಡೆಯಿತು. ಆ ಯುದ್ಧದ ಕಥೆಯನ್ನು ಸುಮಾರು 70 ಮೀಟರು ಉದ್ದದ ಬಟ್ಟೆಯ ಮೇಲೆ ಕಸೂತಿ ಹಾಕಿ ಚಿತ್ರಿಸಿದ್ದಾರೆ. ಬಾಯೊ ಪಟ್ಟಣದ ಹೆಸರಿನಿಂದ ಪ್ರಸಿದ್ಧವಾದ ಆ ಬಟ್ಟೆಯಲ್ಲಿ ಒಂದು ದೃಶ್ಯವಿದೆ. ನಾಯಕನಾದ ವಿಲಿಯಂ ಹತನಾದನೆಂದು ಸೈನಿಕರು ಎದೆಗುಂದುತ್ತಾರೆ. ಆಗ ವಿಲಿಯಂ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ ತನ್ನ ಮುಖವನ್ನು ತೋರಿಸುತ್ತಾನೆ. ಅಲ್ಲಿಯ ಗುರಾಣಿಗಳ ಮೇಲೆ ಚಿತ್ರಗಳಿವೆ. ಆದರೆ ಇಂಥ ಚಿತ್ರ ಇಂಥವನದೇ ಎಂಬ ಕಟ್ಟುಪಾಡು ಇನ್ನೂ ಹುಟ್ಟಿರಲಿಲ್ಲ.

ಕಟ್ಟುಪಾಡು ಹುಟ್ಟಿದುದು ಹನ್ನೆರಡನೆಯ ಶತಮಾನದಲ್ಲಿ. ಫ್ರಾನ್ಸಿನ ಆಂಜೂ ಪ್ರಾಂತದ ಜೆಫ್ರಿ ಎಂಬ ದೊರೆಯ ಸಮಾಧಿಗೆಂದು ಮಾಡಿದ ಮೀನಾಕಾರಿ ಫಲಕದಲ್ಲಿ ಅವನು ನೀಲಿ ಗುರಾಣಿ ಹಿಡಿದಿದ್ದಾನೆ. ಅದರ ಮೇಲೆ ಬಂಗಾರದ ಸಿಂಹಗಳಿವೆ. 1226ರಲ್ಲಿ ತೀರಿಕೊಂಡ ಅವನ ಮೊಮ್ಮಗನ ಸಮಾಧಿ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿದೆ. ಅಲ್ಲಿಯ ಗುರಾಣಿಯ ಮೇಲೆಯೂ ಅದೇ ನೀಲಿ, ಅದೇ ಬಂಗಾರದ ಸಿಂಹಗಳು. ಅಂದರೆ ಗುರುತು ಒಬ್ಬ ವ್ಯಕ್ತಿಯದಾಗಿ ಉಳಿಯದೆ ವಂಶದ ಸ್ವತ್ತಾಯಿತು.

ಈ ಗುರುತುಗಳ ವ್ಯಾಕರಣ ಬಹಳ ಸರಳವಾದುದು. ಗುರಾಣಿಯ ಮೈಯನ್ನು ‘ಕ್ಷೇತ್ರ’ವೆಂದು ಭಾವಿಸಬೇಕು. ಅದರ ಮೇಲೆ ಕೆಲವೇ ಮೂಲ ಆಕಾರಗಳು. ನಡುವೆ ಮೇಲಿನಿಂದ ಕೆಳಕ್ಕೆ ನಿಂತ ಪಟ್ಟಿ ‘ಪೇಲ್’, ಅಡ್ಡಲಾಗಿ ಮಲಗಿದ ಪಟ್ಟಿ ‘ಫೆಸ್’, ಮೂಲೆಯಿಂದ ಮೂಲೆಗೆ ಇಳಿಯುವ ಓರೆಪಟ್ಟಿ ‘ಬೆಂಡ್’, ಮನೆಯ ಮಾಡಿನಂತೆ ಎರಡು ಪಟ್ಟಿಗಳು ತುದಿಗೂಡಿದರೆ ‘ಶೆವ್ರಾನ್’, ಶಿಲುಬೆ, ಗುಣಾಕಾರ ಚಿಹ್ನೆಯಂತಹ ‘ಸಾಲ್ಟೈರ್’, ನೆತ್ತಿಯ ಭಾಗವನ್ನು ತುಂಬುವ ‘ಚೀಫ್’. ಇವುಗಳೊಡನೆ ಸಿಂಹ, ಹದ್ದು, ಕೋಟೆ, ಅರ್ಧಚಂದ್ರ, ನಕ್ಷತ್ರ ಮೊದಲಾದ ರೂಪಗಳು. ಕೆಲವು ಗುರುತುಗಳು ಹೆಸರನ್ನೇ ನುಡಿಯುತ್ತವೆ: ಸ್ಪೇನಿನ ಕ್ಯಾಸ್ಟಿಲ್ ರಾಜ್ಯಕ್ಕೆ ಕೋಟೆ, ಲೆಯೋನ್ ರಾಜ್ಯಕ್ಕೆ ಸಿಂಹ.

ಬಣ್ಣಗಳೂ ಮಿತವಾದವು. ಬಂಗಾರ, ಬೆಳ್ಳಿ ಎಂಬ ಎರಡು ‘ಲೋಹ’ಗಳು, ಕೆಂಪು, ನೀಲಿ, ಕಪ್ಪು, ಹಸುರು, ನೇರಿಳೆ ಎಂಬ ಐದು ‘ವರ್ಣ’ಗಳು, ಇವಲ್ಲದೆ ತುಪ್ಪುಳಿನ ವಿನ್ಯಾಸಗಳು. ಲೋಹದ ಮೇಲೆ ಲೋಹವನ್ನಾಗಲಿ ವರ್ಣದ ಮೇಲೆ ವರ್ಣವನ್ನಾಗಲಿ ಇಡಬಾರದೆಂಬುದು ಮುಖ್ಯ ನಿಯಮ. ನೀಲಿಯ ಮೇಲೆ ಕಪ್ಪು ದೂರದಿಂದ ಕಾಣಿಸದು. ನೀಲಿಯ ಮೇಲೆ ಬಂಗಾರ ಎದ್ದು ಕಾಣುತ್ತದೆ. ಅಲಂಕಾರಕ್ಕಿಂತ ಸ್ಪಷ್ಟತೆಯೇ ಅಲ್ಲಿ ದೊಡ್ಡದು.

ಮತ್ತೆರಡು ನಿಯಮಗಳು ನಮ್ಮವರಿಗೆ ಪರಿಚಿತವೆನಿಸಬಹುದು. ಗುರಾಣಿಯ ಎಡಬಲಗಳನ್ನು ನೋಡುವವನ ಕಡೆಯಿಂದ ಎಣಿಸುವುದಿಲ್ಲ, ಹಿಡಿದವನ ಕಡೆಯಿಂದ ಎಣಿಸುತ್ತಾರೆ. ಜಿನಬಿಂಬದ ಬಲಕ್ಕೆ ಯಕ್ಷ, ಎಡಕ್ಕೆ ಯಕ್ಷಿ ಎಂದಾಗ ನಾವೂ ಬಿಂಬದ ಎಡಬಲಗಳನ್ನೇ ಹೇಳುತ್ತೇವೆ. ಇನ್ನೊಂದು, ಅಲ್ಲಿ ಪ್ರಮಾಣವಾದುದು ಬರೆದ ಚಿತ್ರವಲ್ಲ, ಶಬ್ದಗಳಲ್ಲಿ ಮಾಡಿದ ವರ್ಣನೆ. ‘ನೀಲಿಯ ಮೇಲೆ ಬಂಗಾರದ ಓರೆಪಟ್ಟಿ’ ಎಂದರೆ ಸಾಕು, ಯಾವ ಚಿತ್ರಕಾರನು ಬರೆದರೂ ಗುರುತು ಅದೇ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನ ‘ಪ್ರತಿಷ್ಠಾಸಾರೋದ್ಧಾರ’ದಂತಹ ಗ್ರಂಥಗಳು ಬಿಂಬಲಕ್ಷಣವನ್ನು ಶಬ್ದಗಳಲ್ಲಿಯೇ ವಿಧಿಸುತ್ತವೆ. ಒಬ್ಬ ಶಿಲ್ಪಿಯ ವೃಷಭ ಮತ್ತೊಬ್ಬನ ವೃಷಭದಂತಿರಬೇಕಾಗಿಲ್ಲ. ಅದು ವೃಷಭವೆಂದು ತಿಳಿದರೆ ಆಯಿತು.

ನಾನು ಹೇಳಿದ ಆ ನೀಲಿ ಗುರಾಣಿಗೆ ಒಂದು ವ್ಯಾಜ್ಯದ ಕಥೆಯಿದೆ. 1385ರಲ್ಲಿ ಇಂಗ್ಲೆಂಡಿನ ಸೈನ್ಯ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಸ್ಕ್ರೂಪ್ ಮತ್ತು ಗ್ರೋವ್‌ನರ್ ಎಂಬ ಇಬ್ಬರು ಯೋಧರ ಗುರಾಣಿಗಳ ಮೇಲೆ ಒಂದೇ ಗುರುತು ಕಾಣಿಸಿತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ನೂರಾರು ಸಾಕ್ಷಿಗಳು ಬಂದು ನುಡಿದರು. ಅವರಲ್ಲಿ ಆಂಗ್ಲ ಮಹಾಕವಿ ಚಾಸರ್ ಸಹ ಒಬ್ಬನು. ವರ್ಷಗಳ ವಿಚಾರಣೆಯ ಬಳಿಕ, 1390ರಲ್ಲಿ ಅರಸನ ಅಂತಿಮ ನಿರ್ಣಯದಿಂದ ಸ್ಕ್ರೂಪನ ಹಕ್ಕು ಸ್ಥಿರವಾಯಿತು. ಸೋತವನ ಮನೆತನ ನೀಲಿಯ ಮೇಲೆ ಬಂಗಾರದ ಗೋದಿಯ ಸಿವುಡನ್ನು ಧರಿಸತೊಡಗಿತು. ಕೇವಲ ಒಂದು ಓರೆಪಟ್ಟಿಗಾಗಿ ಇಷ್ಟು ದೊಡ್ಡ ವ್ಯಾಜ್ಯ! ಆದರೆ ಆ ಪಟ್ಟಿಯೇ ಅವರ ಹೆಸರಾಗಿತ್ತು.

ಗುರುತಿನ ಮಹತ್ವವನ್ನು ಕನ್ನಡ ನಾಡು ಬಹು ಹಿಂದೆಯೇ ಅರಿತಿತ್ತು. ಕದಂಬರಿಗೆ ಸಿಂಹ, ತಲಕಾಡಿನ ಗಂಗರಿಗೆ ಆನೆ, ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ತಾಮ್ರಶಾಸನಗಳ ಬಳೆಗೆ ಬೆಸೆದ ಮುದ್ರೆಯಲ್ಲಿ ಈ ಲಾಂಛನಗಳನ್ನು ಒತ್ತುತ್ತಿದ್ದರು. ಹಲಸಿಯಲ್ಲಿ ದೊರೆತ ಕದಂಬರ ತಾಮ್ರಪಟಗಳು ಜಿನಾಲಯಗಳಿಗೆ ಬಿಟ್ಟ ದತ್ತಿಗಳನ್ನು ಹೇಳುತ್ತವೆ. ಅಂಥ ದಾನಪತ್ರಗಳಿಗೆ ಅರಸನ ಮುದ್ರೆಯೇ ರಕ್ಷೆ. ಮುಂದೆ 1877ರ ದೆಹಲಿ ದರ್ಬಾರಿನಲ್ಲಿ ಯೂರೋಪಿನ ಪದ್ಧತಿಯಂತೆ ಲಾಂಛನ ಬರೆದ ಧ್ವಜಗಳನ್ನು ಭಾರತದ ಸಂಸ್ಥಾನಿಕರಿಗೆ ನೀಡಿದರು. ಅವುಗಳನ್ನು ರಚಿಸಿದವನು ರಾಬರ್ಟ್ ಟೇಲರ್ ಎಂಬ ಅಧಿಕಾರಿ. ನಮ್ಮ ಕರ್ನಾಟಕ ಸರಕಾರದ ಲಾಂಛನದಲ್ಲಿ ಈ ಎರಡು ಧಾರೆಗಳೂ ಕೂಡಿವೆ: ನಡುವೆ ಗುರಾಣಿ, ಅದರ ಮೇಲೆ ಈ ನೆಲದ ಗಂಡಭೇರುಂಡ, ಇಕ್ಕೆಲಗಳಲ್ಲಿ ಗಜಕೇಸರಿ, ನೆತ್ತಿಯಲ್ಲಿ ಅಶೋಕನ ಸಿಂಹಶೀರ್ಷ.

ಇನ್ನು ಗರ್ಭಗೃಹಕ್ಕೆ ಬರೋಣ. ಯೋಧನ ಮುಖ ಕಾಣಿಸದಿರುವುದು ಅದು ಕಬ್ಬಿಣದ ಮರೆಯಲ್ಲಿದ್ದುದರಿಂದ. ತೀರ್ಥಂಕರರ ಮುಖ ಮರೆಯಾಗಿಲ್ಲ. ಆದರೆ ಇಪ್ಪತ್ತನಾಲ್ವರ ಮುಖದಲ್ಲಿಯೂ ಒಂದೇ ಶಾಂತಿ ನೆಲೆಸಿದೆ. ರಾಗದ್ವೇಷಗಳು ಅಳಿದ ಮೇಲೆ ಭೇದವೆಲ್ಲಿಯದು? ಮಥುರೆಯ ಪ್ರಾಚೀನ ಬಿಂಬಗಳಿಗೆ ಲಾಂಛನಗಳಿಲ್ಲ. ಆದಿನಾಥರನ್ನು ಹೆಗಲ ಮೇಲೆ ಇಳಿಬಿದ್ದ ಜಟೆಗಳಿಂದ, ಪಾರ್ಶ್ವನಾಥರನ್ನು ಹೆಡೆಗಳಿಂದ ಗುರುತಿಸಬಹುದು. ಉಳಿದವರನ್ನು ಹೆಚ್ಚಾಗಿ ಪೀಠದ ಬರಹದಿಂದಲೇ ತಿಳಿಯಬೇಕು. ರಾಜಗೃಹದಲ್ಲಿ ದೊರೆತ ಗುಪ್ತರ ಕಾಲದ ನೇಮಿನಾಥ ಬಿಂಬದ ಪೀಠದಲ್ಲಿ ಶಂಖವಿದೆ. ಲಾಂಛನವುಳ್ಳ ಅತಿ ಹಳೆಯ ಬಿಂಬಗಳಲ್ಲಿ ಅದೊಂದೆಂದು ವಿದ್ವಾಂಸರು ಎಣಿಸುತ್ತಾರೆ. ಬಾಹುಬಲಿ ಸ್ವಾಮಿಯು ತೀರ್ಥಂಕರನಲ್ಲವಾದುದರಿಂದ ಅವನಿಗೆ ಪೀಠಲಾಂಛನವಿಲ್ಲ. ಮೈಗೆ ಹಬ್ಬಿದ ಬಳ್ಳಿ, ಕಾಲೆಡೆಯ ಹುತ್ತ, ಇವೇ ಅವನ ಗುರುತು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಅರಸರು ಹೊತ್ತ ಪ್ರಾಣಿಗಳೇ ಜಿನಪೀಠದಲ್ಲಿಯೂ ಇವೆ. ಗಂಗರ ಆನೆ ಅಜಿತನಾಥರಲ್ಲಿದೆ. ಚಾಲುಕ್ಯರ ವರಾಹ ವಿಮಲನಾಥರಲ್ಲಿದೆ. ಕದಂಬರ ಸಿಂಹ ವರ್ಧಮಾನ ಸ್ವಾಮಿಯಲ್ಲಿದೆ. ಜೊತೆಗೆ ಆಮೆ, ಆಡು, ಜಿಂಕೆಗಳಿಗೂ ಅಲ್ಲಿ ಸಮಾನ ಸ್ಥಾನ. ಗುರಾಣಿಯ ಸಿಂಹ ಹಿಂಗಾಲುಗಳ ಮೇಲೆದ್ದು ಉಗುರು ಚಾಚಿ ಎದುರಾಳಿಯನ್ನು ಬೆದರಿಸುತ್ತದೆ. ಪೀಠದ ಸಿಂಹಕ್ಕೆ ಎದುರಾಳಿಯೇ ಇಲ್ಲ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಸಂದರ್ಭದಲ್ಲಿ, 1974-75ರಲ್ಲಿ, ಎಲ್ಲ ಪಂಥಗಳೂ ಒಪ್ಪಿಕೊಂಡ ಜೈನ ಪ್ರತೀಕವನ್ನು ನೋಡಿ. ಅದಕ್ಕೂ ಒಂದು ಹೊರರೇಖೆಯಿದೆ. ಆದರೆ ಅದು ಗುರಾಣಿಯಲ್ಲ, ಲೋಕದ ಆಕಾರ. ಒಳಗಿರುವುದು ಆಯುಧವಲ್ಲ, ಅಭಯದ ಹಸ್ತ.

ಕೊನೆಯದಾಗಿ ಒಂದು ವಿನಂತಿ. ಗುರುತು ಅಳಿದರೆ ಹೆಸರೂ ಅಳಿಯುತ್ತದೆ. ಪೀಠದ ಲಾಂಛನ ಎರಡು ಬೆರಳಿನಷ್ಟು ಸಣ್ಣದಾಗಿರಬಹುದು. ಹುಣಿಸೆಹಣ್ಣು ಇಟ್ಟಿಗೆಪುಡಿಗಳಿಂದ ವರ್ಷವರ್ಷವೂ ಉಜ್ಜಿದರೆ ಲೋಹಬಿಂಬದ ಜಿಂಕೆ ಯಾವುದು, ಆಡು ಯಾವುದು ತಿಳಿಯದಂತಾಗುತ್ತದೆ. ಆಗ ಶಾಂತಿನಾಥರೊ ಕುಂಥುನಾಥರೊ ಎಂದು ಮೊಮ್ಮಕ್ಕಳು ಕೇಳಿದರೆ ಹೇಳುವವರಾರು? ಜೀರ್ಣೋದ್ಧಾರದ ಹೆಸರಿನಲ್ಲಿ ಪೀಠದ ಮೇಲೆ ಸಿಮೆಂಟು ಬಳಿದರೆ ಲಾಂಛನವೂ ಬರಹವೂ ಒಟ್ಟಿಗೆ ಹೂತುಹೋಗುತ್ತವೆ. ಆದ್ದರಿಂದ ಪ್ರತಿಯೊಂದು ಬಸದಿಯವರೂ ತಮ್ಮಲ್ಲಿರುವ ಬಿಂಬಗಳ ಲಾಂಛನ, ಎತ್ತರ, ಪೀಠದ ಬರಹ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದು, ಛಾಯಾಚಿತ್ರಗಳೊಡನೆ ಕಾದಿರಿಸಬೇಕು. ಗುರುತು ಮಾಸಿದ್ದರೆ ಊಹೆಯಿಂದ ಹೊಸದನ್ನು ಕೆತ್ತಿಸದೆ, ಮಾಸಿದೆಯೆಂದೇ ಬರೆದಿಡಬೇಕು.

ಒಂದು ಓರೆಪಟ್ಟಿಯನ್ನು ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದವರ ಕಥೆಯನ್ನು ತಾವು ಕೇಳಿದಿರಿ. ನಮ್ಮ ಹಿರಿಯರು ಕೆತ್ತಿಸಿಕೊಟ್ಟ ಶಂಖವನ್ನು, ಕಲಶವನ್ನು, ಸ್ವಸ್ತಿಕವನ್ನು ಕಾಪಾಡಲು ನಾವು ಯಾರೊಡನೆಯೂ ಹೋರಾಡಬೇಕಾಗಿಲ್ಲ. ಸ್ವಲ್ಪ ಎಚ್ಚರವಿದ್ದರೆ ಸಾಕು. ಆ ಎಚ್ಚರ ನಮ್ಮೆಲ್ಲರಲ್ಲಿ ನೆಲೆಸಲಿ.