ಬೆಂಕಿಯ ಮೊದಲ ಅರ್ಧ ಗಂಟೆ: ಹಿರೀಸಾವೆ ಹೋಬಳಿಗೆ ಸ್ವಯಂಸೇವಕ ಅಗ್ನಿರಕ್ಷಣಾ ಪಡೆ

(ಅಗ್ನಿಶಾಮಕ ಸೇವಾ ಸಪ್ತಾಹದ ನಿಮಿತ್ತ ಉಪನ್ಯಾಸದ ಪಠ್ಯ. ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ಮಹಿಳಾ ಸ್ವಸಹಾಯ ಸಂಘಗಳು ಹಾಗೂ ಯುವಕ ಸಂಘಗಳ ಅವಗಾಹನೆಗಾಗಿ.)



ಪ್ರತಿ ವರ್ಷ ಏಪ್ರಿಲ್ 14 ರಿಂದ 20 ರವರೆಗೆ ದೇಶಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. 1944 ರ ಏಪ್ರಿಲ್ 14 ರಂದು ಮುಂಬಯಿ ಬಂದರಿನಲ್ಲಿ ನಿಂತಿದ್ದ ‘ಫೋರ್ಟ್ ಸ್ಟಿಕೈನ್’ ಎಂಬ ಹಡಗಿಗೆ ಬೆಂಕಿ ತಗುಲಿತು. ಹಡಗಿನಲ್ಲಿ ಹತ್ತಿಯ ಮೂಟೆಗಳೂ ಸಿಡಿಮದ್ದೂ ಒಟ್ಟಿಗೇ ಇದ್ದವು. ಮಧ್ಯಾಹ್ನ ಕಂಡ ಹೊಗೆ ಸಂಜೆ ನಾಲ್ಕರ ಸುಮಾರಿಗೆ ಮಹಾಸ್ಫೋಟವಾಯಿತು. ಬೆಂಕಿಯೊಡನೆ ಸೆಣಸುತ್ತಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಅವರ ಸ್ಮರಣೆಗಾಗಿ ಈ ಸಪ್ತಾಹ ಮೀಸಲಾಗಿದೆ. ಬೆಂಕಿ ಕಂಡ ಮೊದಲ ಗಳಿಗೆಯಲ್ಲಿ ಏನು ಮಾಡಬೇಕು, ಉರಿಯುತ್ತಿರುವ ವಸ್ತು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಆ ದುರಂತ ಎಲ್ಲರ ಮುಂದೆ ಇರಿಸಿತು. ಹಡಗಿಗೆ ಅನ್ವಯಿಸಿದ ಆ ಪ್ರಶ್ನೆಗಳು ಹುಲ್ಲಿನ ಮೆದೆಗೂ ಅನ್ವಯಿಸುತ್ತವೆ.

ಹಿರೀಸಾವೆಯು ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಇದರ ಮಗ್ಗುಲಲ್ಲೇ ಹಾದುಹೋಗುತ್ತದೆ. ಸುತ್ತಮುತ್ತ ತೆಂಗಿನ ತೋಟಗಳು, ರಾಗಿಯ ಹೊಲಗಳು, ಮನೆಮನೆಗೂ ಹಾಲು ಕರೆಯುವ ಹಸುಗಳು. ಇಂತಹ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ರಾಗಿಹುಲ್ಲು ಕಣದಿಂದ ಹಿತ್ತಲಿಗೆ ಬಂದು ಮೆದೆಯಾಗುತ್ತದೆ. ಕೊಬ್ಬರಿಯಾಗಲೆಂದು ಬಿಟ್ಟ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗುತ್ತದೆ. ಉದುರಿದ ಸೋಗೆ ತೋಟದ ಬದುವಿನಲ್ಲಿ ರಾಶಿಬೀಳುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಾಳಿಯಲ್ಲಿ ಇವೆಲ್ಲವೂ ಒಂದು ಕಿಡಿಗೆ ಸಿದ್ಧವಾಗಿ ನಿಂತಿರುತ್ತವೆ.

ಹುಲ್ಲಿನ ಮೆದೆ ಸುಟ್ಟರೆ ಪ್ರಾಣಹಾನಿಯಾಗಲಿಲ್ಲವಲ್ಲ ಎಂದು ಸಮಾಧಾನಪಡುವುದು ರೂಢಿ. ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವ ಕುಟುಂಬಕ್ಕೆ ಆ ಮೆದೆಯೇ ಮುಂದಿನ ಮಳೆಗಾಲದವರೆಗಿನ ಬದುಕು. ಬೇಸಿಗೆಯ ನಡುವೆ ಮೇವು ಕೊಳ್ಳಲು ಹೊರಟರೆ ದರ ಏರಿರುತ್ತದೆ. ಹಸು ಮಾರಲು ಹೊರಟರೆ ದರ ಇಳಿದಿರುತ್ತದೆ. ಅರ್ಧ ಗಂಟೆಯಲ್ಲಿ ಉರಿದುಹೋದದ್ದನ್ನು ತೀರಿಸಲು ವರ್ಷವೂ ಸಾಲದು.

ಅಗ್ನಿಶಾಮಕ ಠಾಣೆ ಇರುವುದು ತಾಲ್ಲೂಕು ಕೇಂದ್ರವಾದ ಚನ್ನರಾಯಪಟ್ಟಣದಲ್ಲಿ. ಅಲ್ಲಿಂದ ಹಿರೀಸಾವೆಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಹೆದ್ದಾರಿಯಲ್ಲಿ ಎಷ್ಟೇ ವೇಗವಾಗಿ ಬಂದರೂ, ಹೆದ್ದಾರಿ ಬಿಟ್ಟು ಒಳಗಿನ ಗ್ರಾಮಕ್ಕೆ, ಅಲ್ಲಿಂದ ತೋಟದ ಮನೆಗೆ ತಿರುಗುವ ಹೊತ್ತಿಗೆ ಅರ್ಧ ಗಂಟೆ ಸರಿಯುತ್ತದೆ. ಇದು ಇಲಾಖೆಯ ಲೋಪವಲ್ಲ, ಭೂಗೋಳದ ಸಂಗತಿ. ಆದುದರಿಂದ ಬೆಂಕಿಯ ಮೊದಲ ಅರ್ಧ ಗಂಟೆಯ ಹೊಣೆ ಊರಿನದೇ ಆಗಿರುತ್ತದೆ. ಆ ಅರ್ಧ ಗಂಟೆಯನ್ನು ಕ್ರಮಬದ್ಧವಾಗಿ ಬಳಸುವುದೇ ಸ್ವಯಂಸೇವಕ ಅಗ್ನಿರಕ್ಷಣಾ ಪಡೆಯ ಕೆಲಸ.

ಈ ಕಲ್ಪನೆ ಹೊಸದಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1736 ರಲ್ಲಿ ನೆರೆಹೊರೆಯವರನ್ನು ಸೇರಿಸಿ ಇಂತಹ ಒಂದು ಪಡೆಯನ್ನು ಕಟ್ಟಿದರು. ಚಿಲಿ ದೇಶದ ವಾಲ್ಪರೈಸೊ ಬಂದರಿನಲ್ಲಿ 1851 ರಲ್ಲಿ ಆರಂಭವಾದ ಪರಂಪರೆ ಇಂದಿಗೂ ಮುಂದುವರಿದಿದ್ದು, ಆ ದೇಶದಲ್ಲಿ ಬೆಂಕಿ ನಂದಿಸುವವರು ಸಂಬಳವಿಲ್ಲದ ಸ್ವಯಂಸೇವಕರೇ. ಜರ್ಮನಿ, ಆಸ್ಟ್ರಿಯಾ, ಜಪಾನ್ ದೇಶಗಳ ಹಳ್ಳಿಗಳಲ್ಲಿಯೂ ರೈತರು, ಬಡಗಿಗಳು, ಅಂಗಡಿಯವರು ತಮ್ಮ ಕಸುಬಿನ ನಡುವೆಯೇ ಈ ಹೊಣೆಯನ್ನು ಹೊತ್ತಿದ್ದಾರೆ. ಕನ್ನಡ ನಾಡಿನ ಹಳ್ಳಿಗಳಿಗೂ ಇದರ ಮೂಲಭಾವ ಅಪರಿಚಿತವಲ್ಲ. ನಾಟಿಗೆ, ಕೊಯ್ಲಿಗೆ ಮುಯ್ಯಾಳಾಗಿ ಹೋಗುವ ಪದ್ಧತಿ ಇಲ್ಲಿ ಇದ್ದೇ ಇದೆ. ಬೆಂಕಿ ಎಂದು ಕೂಗಿದರೆ ಜಗಳವಾಡಿದ ದಾಯಾದಿಯೂ ಬಿಂದಿಗೆ ಹಿಡಿದು ಓಡಿಬರುತ್ತಾನೆ.

ಓಡಿಬಂದ ನೂರು ಜನ ಒಂದೇ ಕೆಲಸಕ್ಕೆ ಕೈಹಾಕುವಲ್ಲಿ ತೊಡಕು ಆರಂಭವಾಗುತ್ತದೆ. ಎಲ್ಲರೂ ನೀರು ಎರಚುತ್ತಾರೆ. 101 ಕ್ಕೆ ಕರೆ ಮಾಡಿದವರು ಯಾರು ಎಂದು ಕೇಳಿದರೆ ಯಾರೋ ಮಾಡಿರಬೇಕು ಎಂಬ ಉತ್ತರ ಬರುತ್ತದೆ. ಸಾಹಸಕ್ಕೆ ಕೊರತೆಯಿಲ್ಲದ ಊರಿನಲ್ಲಿ ಕೆಲಸ ಹಂಚಿಕೆ ಮಾತ್ರ ಆಗಿರುವುದಿಲ್ಲ. ಆದ್ದರಿಂದ ಪಡೆಯ ಸದಸ್ಯರಿಗೆ ಐದು ಕರ್ತವ್ಯಗಳನ್ನು ಮೊದಲೇ ಹೆಸರು ಹಿಡಿದು ವಹಿಸುವುದು ಅವಶ್ಯ.

ಮೊದಲನೆಯದು ಕರೆ. 101 ಅಥವಾ 112 ಕ್ಕೆ ಕರೆ ಮಾಡಿ ಗ್ರಾಮ, ಹೋಬಳಿ, ಹೆದ್ದಾರಿಯಿಂದ ತಿರುಗಬೇಕಾದ ಜಾಗ, ಉರಿಯುತ್ತಿರುವ ವಸ್ತು, ಒಳಗೆ ಜನ ಅಥವಾ ಜಾನುವಾರು ಇದ್ದಾರೆಯೇ ಎಂಬುದನ್ನು ತಿಳಿಸಬೇಕು. ಗಾಯಾಳುಗಳಿದ್ದರೆ 108 ಕ್ಕೂ ಕರೆ ಮಾಡಬೇಕು.

ಎರಡನೆಯದು ವಿದ್ಯುತ್. ಮನೆಯ ಮುಖ್ಯ ಸ್ವಿಚ್ಚನ್ನು ಸುರಕ್ಷಿತವಾಗಿ ತಲುಪಲು ಸಾಧ್ಯವಿದ್ದರೆ ಮಾತ್ರ ಆರಿಸಬೇಕು. ತಂತಿ ಕಡಿದು ಬಿದ್ದಿದ್ದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912 ಸಂಖ್ಯೆಗೂ ಆ ಭಾಗದ ಮಾರ್ಗದಾಳುವಿಗೂ ತಿಳಿಸಿ, ಸರಬರಾಜು ನಿಂತಿದೆ ಎಂಬ ಖಚಿತ ಮಾತು ಬರುವವರೆಗೆ ಯಾರೂ ನೀರು ಹಾಯಿಸಕೂಡದು. ಹುಲ್ಲು ತುಂಬಿದ ಟ್ರ್ಯಾಕ್ಟರು ಜೋಲುಬಿದ್ದ ತಂತಿಗೆ ತಗುಲಿ ಹೊತ್ತಿಕೊಳ್ಳುವ ಪ್ರಕರಣಗಳಲ್ಲಿ ಈ ಎಚ್ಚರಿಕೆಯೇ ಪ್ರಾಣ ಉಳಿಸುತ್ತದೆ.

ಮೂರನೆಯದು ದಾರಿ. ಒಬ್ಬರು ಹೆದ್ದಾರಿಯ ತಿರುವಿನಲ್ಲಿ ನಿಂತು ವಾಹನವನ್ನು ಕರೆತರಬೇಕು. ಇನ್ನೊಬ್ಬರು ಓಣಿಯಲ್ಲಿ ನಿಲ್ಲಿಸಿದ ಗಾಡಿ, ಕಟ್ಟಿದ ದನ, ಒಟ್ಟಿದ ಜಲ್ಲಿಯನ್ನು ಸರಿಸಬೇಕು.

ನಾಲ್ಕನೆಯದು ನೀರು. ಸಾಮಾನ್ಯ ಅಗ್ನಿಶಾಮಕ ಜಲವಾಹನದಲ್ಲಿ ಸುಮಾರು 4,500 ಲೀಟರ್ ನೀರಿರುತ್ತದೆ. ರಭಸದಿಂದ ಹಾಯಿಸಿದರೆ ಅದು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ. ಅಷ್ಟರೊಳಗೆ ಹತ್ತಿರದ ಕೆರೆ, ಕೃಷಿ ಹೊಂಡ, ಕೊಳವೆಬಾವಿಯ ತೊಟ್ಟಿ ಯಾವುದು, ವಾಹನ ಅಲ್ಲಿಗೆ ಹೋಗಬಲ್ಲದೇ, ಊರಿನಲ್ಲಿ ಟ್ರ್ಯಾಕ್ಟರ್ ಟ್ಯಾಂಕರ್ ಯಾರ ಬಳಿ ಇದೆ ಎಂಬುದು ಪಡೆಗೆ ಗೊತ್ತಿರಬೇಕು. ವಾಹನ ಬರುವವರೆಗೆ ಬಿಂದಿಗೆಗಳ ಸಾಲು, ತೋಟಕ್ಕೆ ಔಷಧಿ ಸಿಂಪಡಿಸುವ ಪಂಪು, ಹಸಿ ಸೊಪ್ಪಿನ ಕೊಂಬೆ, ಮರಳು ಇವೇ ಸಾಧನಗಳು. ಪಂಪನ್ನು ಮೊದಲು ಚೆನ್ನಾಗಿ ತೊಳೆದಿರಬೇಕು. ಹೊತ್ತಿ ಉರಿಯುವ ಮೆದೆಯನ್ನು ಉಳಿಸಲು ಹೆಣಗುವುದಕ್ಕಿಂತ ಪಕ್ಕದ ಮೆದೆ, ಕೊಟ್ಟಿಗೆ, ಸೋಗೆಯ ಚಪ್ಪರಗಳನ್ನು ನೆನೆಸಿ ಬೆಂಕಿ ಹಬ್ಬದಂತೆ ತಡೆಯುವುದು ಹೆಚ್ಚು ಫಲಕಾರಿ. ನಂದಿದಂತೆ ಕಂಡ ಮೆದೆಯ ಒಡಲಲ್ಲಿ ಕೆಂಡ ದೀರ್ಘಕಾಲ ಉಳಿದಿರುತ್ತದೆ; ಅದನ್ನು ಬಿಚ್ಚಿ, ಹರಡಿ, ನೆನೆಸಿ, ರಾತ್ರಿ ಕಾವಲಿರಬೇಕು.

ಐದನೆಯದು ಜನರನ್ನು ದೂರವಿಡುವುದು. ಮಕ್ಕಳು, ವೃದ್ಧರು, ಮೊಬೈಲಿನಲ್ಲಿ ಚಿತ್ರ ತೆಗೆಯಲು ನೆರೆದವರು ಗಾಳಿ ಬೀಸುವ ದಿಕ್ಕಿನಲ್ಲಿ ನಿಲ್ಲದಂತೆ ನೋಡಿಕೊಳ್ಳಬೇಕು. ಈ ಕೆಲಸಕ್ಕೆ ಊರಿನಲ್ಲಿ ಮಾತು ನಡೆಯುವವರನ್ನೇ ನೇಮಿಸುವುದು ಒಳಿತು.

ಪಡೆ ಮಾಡಬಾರದ ಕೆಲಸಗಳೂ ಇವೆ. ಸ್ವಯಂಸೇವಕರ ಜೀವದ ಪ್ರಶ್ನೆ ಇಲ್ಲಿದೆ. ಹೊಗೆ ತುಂಬಿದ ಕೊಟ್ಟಿಗೆಗೆ ಕರುವನ್ನು ಬಿಚ್ಚಲು ನುಗ್ಗಿದವರು ಉರಿ ತಗುಲುವ ಮೊದಲೇ ಹೊಗೆಯಿಂದ ಪ್ರಜ್ಞೆ ತಪ್ಪುತ್ತಾರೆ. ದನಗಳನ್ನು ಎಳೆದರೆ ಬಿಚ್ಚಿಕೊಳ್ಳುವ ಕುಣಿಕೆಯಲ್ಲಿ ಕಟ್ಟುವ ಅಭ್ಯಾಸವೇ ಇದಕ್ಕೆ ಸುರಕ್ಷಿತ ಪರಿಹಾರ. ಎಣ್ಣೆಯಂಶ ಹೇರಳವಾಗಿರುವ ಕೊಬ್ಬರಿ ಅಟ್ಟದಲ್ಲಿ ಹೊತ್ತಿಕೊಂಡರೆ ಉರಿ ಬಹುಬೇಗ ಬಲಿಯುತ್ತದೆ. ಅಟ್ಟದ ಕೆಳಗೆ ನಿಂತು ನೀರೆರಚುವವರ ಮೇಲೆ ಅಟ್ಟವೇ ಕುಸಿಯಬಹುದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿಕೆಯಾದಾಗ ನೆಲಮಟ್ಟದಲ್ಲಿ ಹರಡಿರುತ್ತದೆ. ಆಗ ದೀಪದ ಸ್ವಿಚ್ಚನ್ನು ಹಾಕುವುದೂ ಆರಿಸುವುದೂ ಅಪಾಯ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಬಂದು 1906 ಕ್ಕೆ ತಿಳಿಸಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕದೆ ಒಲೆ ಆರಿಸಿ ಮುಚ್ಚಳ ಮುಚ್ಚಬೇಕು.

ಹೆದ್ದಾರಿಯ ವಿಷಯ ಬೇರೆಯೇ ಆಗಿದೆ. ಮಂಗಳೂರಿನ ಕಡೆಯಿಂದ ಇಂಧನ ಹಾಗೂ ಅನಿಲ ತುಂಬಿದ ಟ್ಯಾಂಕರುಗಳು ಈ ಮಾರ್ಗದಲ್ಲಿ ಸಂಚರಿಸುತ್ತವೆ. 2017 ರ ಜೂನ್ 25 ರಂದು ಪಾಕಿಸ್ತಾನದ ಅಹ್ಮದ್‌ಪುರ ಶರ್ಕಿಯಾ ಬಳಿ ಟ್ಯಾಂಕರೊಂದು ಉರುಳಿತು. ಚೆಲ್ಲಿದ ಪೆಟ್ರೋಲನ್ನು ಕೊಡ, ಬಾಟಲಿಗಳಲ್ಲಿ ತುಂಬಿಕೊಳ್ಳಲು ಸುತ್ತಲಿನ ಹಳ್ಳಿಗಳ ಜನ ಮುಗಿಬಿದ್ದಿದ್ದರು. ಬೆಂಕಿ ಹೊತ್ತಿಕೊಂಡು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಟ್ಯಾಂಕರ್ ಉರುಳಿದ ಸ್ಥಳದಲ್ಲಿ ಊರಿನ ಪಡೆಗೆ ಇರುವ ಕೆಲಸ ಇಷ್ಟೇ: ಗಾಳಿ ಬರುವ ದಿಕ್ಕಿನಲ್ಲಿ ಬಹುದೂರ ನಿಲ್ಲುವುದು, ಜನರನ್ನೂ ವಾಹನಗಳನ್ನೂ ತಡೆಯುವುದು, ಬೀಡಿ ಒಲೆಗಳನ್ನು ಆರಿಸಿಸುವುದು, 112 ಕ್ಕೂ ಹೆದ್ದಾರಿಯ 1033 ಕ್ಕೂ ತಿಳಿಸುವುದು. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಅಧಿಕಾರ ತರಬೇತಿ ಪಡೆದ ಸಿಬ್ಬಂದಿಗೆ ಮಾತ್ರ.

ಪಡೆಯಲ್ಲಿ ಯಾರಿರಬೇಕು ಎಂಬ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಯುವಕರ ಪಟ್ಟಿ ಸಿದ್ಧವಾಗುತ್ತದೆ. ಆದರೆ ಹಗಲು ಹನ್ನೊಂದರಿಂದ ಸಂಜೆ ನಾಲ್ಕರವರೆಗೆ, ಬಿಸಿಲೂ ಗಾಳಿಯೂ ಜೋರಾಗಿರುವ ಹೊತ್ತಿನಲ್ಲಿ, ಆ ಪಟ್ಟಿಯ ಅನೇಕರು ಊರಿನಲ್ಲಿ ಇರುವುದಿಲ್ಲ. ಕೆಲವರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ, ಕೆಲವರು ಹಾಸನ, ಚನ್ನರಾಯಪಟ್ಟಣಗಳ ಕಾಲೇಜುಗಳಲ್ಲಿ ಇರುತ್ತಾರೆ. ಆ ವೇಳೆಗೆ ಊರಿನಲ್ಲಿ ಇರುವವರು ಹೆಣ್ಣುಮಕ್ಕಳು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ನೀರುಗಂಟಿ, ಅಂಗಡಿಯವರು, ತೋಟದಲ್ಲಿ ಕೆಲಸ ಮಾಡುವ ಹಿರಿಯರು. ಪಡೆ ಇವರಿಂದಲೇ ಆರಂಭವಾಗಬೇಕು. ಮೋಟಾರು ಹಾಕುವ ನೀರುಗಂಟಿ ಇಲ್ಲದ ಅಗ್ನಿರಕ್ಷಣಾ ಪಡೆ ಕಾಗದದ ಮೇಲಿನ ಪಡೆಯಾದೀತು. ಮಹಿಳಾ ಸ್ವಸಹಾಯ ಸಂಘಗಳು ವಾರವಾರ ಸೇರುತ್ತವೆ, ಹಾಜರಿ ಬರೆಯುತ್ತವೆ, ಹಣದ ಲೆಕ್ಕ ಇಡುತ್ತವೆ. ಪಡೆಗೆ ಬೇಕಾದ ಶಿಸ್ತು ಅಲ್ಲಿ ಈಗಾಗಲೇ ರೂಢಿಯಲ್ಲಿದೆ. ರಾತ್ರಿಯ ಹೊತ್ತಿಗೆ ಮತ್ತು ರಜಾದಿನಗಳಿಗೆ ಯುವಕರ ಪ್ರತ್ಯೇಕ ಪಟ್ಟಿ ಇರಲಿ.

ಸಲಕರಣೆಗಳ ಪಟ್ಟಿ ದೊಡ್ಡದೇನಲ್ಲ. ಹತ್ತಿಪ್ಪತ್ತು ಬಕೆಟ್ಟುಗಳು, ಮರಳಿನ ಪೀಪಾಯಿ, ಉದ್ದನೆಯ ಕೊಕ್ಕೆಗೋಲು, ಸಲಿಕೆ, ಏಣಿ, ಬಲವಾದ ಹಗ್ಗ, ಕೈದೀಪಗಳು, ಗಟ್ಟಿ ಪಾದರಕ್ಷೆ, ಕುರಿ ಉಣ್ಣೆಯ ಕಂಬಳಿ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಮೈಮೇಲಿನ ಬಟ್ಟೆಗೆ ಬೆಂಕಿ ಹತ್ತಿದವರನ್ನು ಓಡಲು ಬಿಡದೆ ನೆಲದ ಮೇಲೆ ಉರುಳಿಸಿ ಕಂಬಳಿ ಹೊದಿಸಬೇಕು. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಶುಚಿಯಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಸಾಗಿಸಬೇಕು. ತುಪ್ಪ, ಶಾಯಿ, ಹಲ್ಲುಜ್ಜುವ ಪೇಸ್ಟು ಮೊದಲಾದವುಗಳನ್ನು ಹಚ್ಚಕೂಡದು. ಎಲ್ಲಾ ಸಲಕರಣೆಗಳೂ ಬೀಗ ಹಾಕಿದ ಕೊಠಡಿಯಲ್ಲಿ ಇದ್ದರೆ, ಬೀಗದ ಕೈ ಯಾರಲ್ಲಿದೆ ಎಂಬುದನ್ನು ಬಾಗಿಲ ಮೇಲೆಯೇ ಬರೆದಿರಬೇಕು.

ಬೆಂಕಿ ಬೀಳದಂತೆ ನೋಡಿಕೊಳ್ಳುವುದೂ ಪಡೆಯ ಕೆಲಸವೇ. ಸುಗ್ಗಿಯ ನಂತರ ಸದಸ್ಯರು ಒಂದು ದಿನ ಊರು ಸುತ್ತಿ, ವಿದ್ಯುತ್ ತಂತಿಯ ಕೆಳಗೆ ಒಟ್ಟಿದ ಮೆದೆಗಳನ್ನು ಗುರುತಿಸಿ ಮಾಲೀಕರಿಗೆ ಹೇಳಬೇಕು. ಇರುವ ಹುಲ್ಲನ್ನೆಲ್ಲ ಒಂದೇ ಮೆದೆ ಹಾಕುವ ಬದಲು ಅಂತರ ಬಿಟ್ಟು ಎರಡಾಗಿ ಹಾಕಿದರೆ ಒಂದಾದರೂ ಉಳಿಯುತ್ತದೆ. ಹಸಿಯಾಗಿರುವಾಗಲೇ ಒಟ್ಟಿದ ಹುಲ್ಲು ಒಳಗೇ ಕಾವೇರಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಮೆದೆಯಿಂದ ಹುಳಿವಾಸನೆ ಅಥವಾ ಹಬೆ ಬಂದರೆ ತಡಮಾಡದೆ ತಿಳಿಸಬೇಕು. ಬದುವಿನ ಕಸಕ್ಕೂ ಸೋಗೆಗೂ ಬೆಂಕಿ ಇಡುವುದನ್ನು ಬಿಟ್ಟು ಗೊಬ್ಬರ ಮಾಡಿಕೊಳ್ಳುವುದು ತೋಟಕ್ಕೂ ಹಿತ.

ಬೆಂಕಿ ಆರಿದ ಮೇಲೆ ಪಡೆಗೆ ಒಂದು ಕೊನೆಯ ಕರ್ತವ್ಯ ಉಳಿದಿರುತ್ತದೆ. ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ ಅಗ್ನಿ ಅನಾಹುತವೂ ವಿಪತ್ತುಗಳ ಪಟ್ಟಿಯಲ್ಲಿದೆ. ನಷ್ಟ ಹೊಂದಿದ ಕುಟುಂಬ ಆ ದಿನ ಅರ್ಜಿ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಸುಟ್ಟ ಸ್ಥಳದ ಛಾಯಾಚಿತ್ರ ತೆಗೆಯುವುದು, ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಮಹಜರು ಮಾಡಿಸುವುದು, ಅಗ್ನಿಶಾಮಕ ಠಾಣೆಯಿಂದ ವರದಿ ಕೋರುವುದು, ಸತ್ತ ಜಾನುವಾರುಗಳಿದ್ದರೆ ಪಶುವೈದ್ಯರನ್ನು ಕರೆಸುವುದು ಇವುಗಳಿಗೆ ಪಡೆಯ ಒಬ್ಬ ಸದಸ್ಯರು ಜೊತೆಗಿದ್ದರೆ ಆ ಕುಟುಂಬದ ಅರ್ಧ ಭಾರ ಇಳಿದಂತೆ. ಮನೆಗೆ ಒಂದೊಂದು ಹೊರೆಯಂತೆ ಹುಲ್ಲು ಕೂಡಿಸಿ ಕೊಟ್ಟರೆ ಹಸುಗಳೂ ಹಟ್ಟಿಯಲ್ಲೇ ಉಳಿಯುತ್ತವೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಬಾವಿ ಈಗ ತೋಡಬೇಕಾಗಿದೆ. ಗ್ರಾಮ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಪ್ರತಿ ಗ್ರಾಮಕ್ಕೂ ಐದು ಕರ್ತವ್ಯಗಳಿಗೆ ಹಗಲಿನ ಹಾಗೂ ರಾತ್ರಿಯ ಹೆಸರುಗಳನ್ನು ನಿಶ್ಚಯಿಸಿ, ಆ ಪಟ್ಟಿಯನ್ನು ಪಂಚಾಯಿತಿ ಕಚೇರಿ, ಹಾಲಿನ ಡೇರಿ ಮತ್ತು ಶಾಲೆಯ ಗೋಡೆಗಳ ಮೇಲೆ ಪ್ರದರ್ಶಿಸುವುದು. ಅಗ್ನಿಶಾಮಕ ಠಾಣೆಯ ಅಧಿಕಾರಿಗಳನ್ನು ಆಹ್ವಾನಿಸಿ ಬೇಸಿಗೆಗೆ ಮುನ್ನ ಒಮ್ಮೆ, ಸುಗ್ಗಿಯ ನಂತರ ಒಮ್ಮೆ ಅಣಕು ಪ್ರದರ್ಶನ ನಡೆಸುವುದು. ಮುಂದಿನ ಬಾರಿ ಕೂಗು ಕೇಳಿಬಂದಾಗ ಬಿಂದಿಗೆ ಹಿಡಿದು ಓಡುವ ಪ್ರತಿಯೊಬ್ಬರಿಗೂ ತಾವು ಎಲ್ಲಿ ನಿಲ್ಲಬೇಕೆಂಬುದು ತಿಳಿದಿರಲಿ.