ಹನ್ನೆರಡು ದಿನದಲ್ಲಿ ನಮ್ಮವರು ಬಂದರು, ಸುಡಾನ್‌ಗೆ ಶಾಂತಿ ಯಾಕೆ ಬರಲಿಲ್ಲ?

ನಂದಿನಿ ಲೇಔಟ್‌ನಿಂದ ಈ ವಾರದ ಮಾತು. ಹಿಂದೆ ರಿಂಗ್ ರೋಡಿನ ಗಾಡಿ ಸದ್ದು ಕೇಳಿಸಿದರೆ ಸ್ವಲ್ಪ ಹೊಂದಿಕೊಳ್ಳಿ.

ಮೊನ್ನೆ ನಮ್ಮ ಬೀದಿಯ ಅಂಗಡಿಯಲ್ಲಿ ಒಬ್ಬರು ಪೇಪರ್ ನೋಡ್ತಾ ಕೇಳಿದರು: ‘ಸಾರ್, ಸುಡಾನ್‌ನಿಂದ ನಮ್ಮ ಹಕ್ಕಿಪಿಕ್ಕಿ ಜನ ಬಂದು ಎಷ್ಟು ಕಾಲ ಆಯ್ತು, ಆ ಯುದ್ಧ ಇನ್ನೂ ಮುಗಿದಿಲ್ವಾ?’ ನಿಂತ ನಿಲುವಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ಇವತ್ತು ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ನೆನಪು ಮಾಡಿಕೊಳ್ಳೋಣ. 2023ರ ಏಪ್ರಿಲ್ 15ರಂದು ಖಾರ್ಟೂಮ್‌ನಲ್ಲಿ ಗುಂಡಿನ ಸದ್ದು ಶುರುವಾಯಿತು. ಒಂದು ಕಡೆ ಸೇನಾ ಮುಖ್ಯಸ್ಥ ಅಬ್ದೆಲ್ ಫತ್ತಾ ಅಲ್ ಬುರ್ಹಾನ್. ಇನ್ನೊಂದು ಕಡೆ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಮುಖ್ಯಸ್ಥ ಮೊಹಮ್ಮದ್ ಹಮ್ದಾನ್ ದಗಾಲೊ, ಅಂದರೆ ಹೆಮೆಟ್ಟಿ. ಇಬ್ಬರೂ ಸೇರಿಯೇ 2021ರಲ್ಲಿ ನಾಗರಿಕ ಸರ್ಕಾರವನ್ನು ಕೆಡವಿದ್ದರು. ಆಮೇಲೆ ಆರ್‌ಎಸ್‌ಎಫ್ ಪಡೆಯನ್ನು ಸೇನೆಯೊಳಗೆ ಎಷ್ಟು ವರ್ಷದಲ್ಲಿ ಸೇರಿಸಬೇಕು ಅನ್ನೋದರಲ್ಲಿ ಜಗಳ ಬಂತು. ಸೇನೆ ಎರಡು ವರ್ಷ ಅಂದಿತು, ಹೆಮೆಟ್ಟಿ ಹತ್ತು ವರ್ಷ ಅಂದರು. ಬಂದೂಕು ಯಾರ ಕೈಯಲ್ಲಿರಬೇಕು ಅನ್ನೋ ಪ್ರಶ್ನೆ ಅದು.

ಆಗ ನಮ್ಮ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಜನ ಅಲ್ಲಿದ್ದರು. ಮೂಲತಃ ಹಕ್ಕಿ ಹಿಡಿದು ಬದುಕಿದ ಸಮುದಾಯ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತು, ತಲೆಗೆ ಹಚ್ಚುವ ಎಣ್ಣೆ, ಬೇರು, ಗಿಡಮೂಲಿಕೆ ಮಾರುವುದೇ ಹಲವರ ಕಸುಬಾಯಿತು. ಹಾಗೆ ಮಾರುತ್ತಾ ಮಾರುತ್ತಾ ಆಫ್ರಿಕಾದವರೆಗೆ ಹೋದರು. ಸಾಲ ಮಾಡಿ ಹೋದವರೂ ಇದ್ದರು. ಕೆಲವರು ಸಿಕ್ಕಿಬಿದ್ದದ್ದು ದಾರ್ಫುರ್‌ನ ಎಲ್ ಫಾಶೆರ್ ಊರಿನಲ್ಲಿ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ.

ಏಪ್ರಿಲ್ 18ರಂದು ಸಿದ್ದರಾಮಯ್ಯ 31 ಜನ ಸಿಕ್ಕಿಬಿದ್ದಿದ್ದಾರೆ ಅಂತ ಟ್ವೀಟ್ ಮಾಡಿದರು. ವಿದೇಶಾಂಗ ಸಚಿವ ಜೈಶಂಕರ್ ಇದರಲ್ಲಿ ರಾಜಕೀಯ ಬೇಡ ಅಂತ ಖಾರವಾಗಿಯೇ ಉತ್ತರಿಸಿದರು. ನಮ್ಮಲ್ಲಿ ಮೇ 10ರ ವಿಧಾನಸಭೆ ಚುನಾವಣೆ ಹತ್ತಿರವಿತ್ತು ನೋಡಿ. ಆದರೆ ಜಗಳದ ಹಿಂದೆ ಕೆಲಸವೂ ನಡೆಯಿತು. ಏಪ್ರಿಲ್ 24ಕ್ಕೆ ‘ಆಪರೇಷನ್ ಕಾವೇರಿ’ ಘೋಷಣೆಯಾಯಿತು. ಪೋರ್ಟ್ ಸುಡಾನ್‌ನಿಂದ ಹಡಗು, ವಿಮಾನದಲ್ಲಿ ಜೆಡ್ಡಾ, ಅಲ್ಲಿಂದ ದೆಹಲಿ, ಮುಂಬೈ, ನಮ್ಮ ಬೆಂಗಳೂರು. ಮೇ 5ರ ಹೊತ್ತಿಗೆ 3,862 ಜನ ಬಂದಿದ್ದರು.

ಹನ್ನೆರಡೇ ದಿನ. ಅದು ಹೇಗೆ ಸಾಧ್ಯವಾಯಿತು? ಯಾಕಂದ್ರೆ ಕೇಳಿದ್ದು ಚಿಕ್ಕದು. ‘ಈ ಬಸ್ಸುಗಳನ್ನು ಬಿಡಿ’ ಅಂತ ಎರಡೂ ಕಡೆಗೆ ಹೇಳಬೇಕಿತ್ತು. ಸೌದಿ, ಅಮೆರಿಕ ಮಧ್ಯೆ ನಿಂತು 72 ಗಂಟೆ ಕದನವಿರಾಮ ಕೊಡಿಸಿದವು. ಅದೂ ಪೂರ್ತಿ ಪಾಲನೆಯಾಗಲಿಲ್ಲ, ಸಿಕ್ಕ ಸಂದಿಯಲ್ಲೇ ಜನ ಹೊರಬಂದರು. ವಿದೇಶದವರನ್ನು ಬಿಟ್ಟುಕೊಟ್ಟರೆ ಯಾವ ಜನರಲ್‌ಗೂ ಒಂದಡಿ ನೆಲವೂ ನಷ್ಟವಿಲ್ಲ.

ಶಾಂತಿ ಹಾಗಲ್ಲ. ಅದಕ್ಕೆ ಇಬ್ಬರೂ ಏನಾದರೂ ಕಳೆದುಕೊಳ್ಳಬೇಕು. ಮೇ 11ರಂದು ಅದೇ ಜೆಡ್ಡಾದಲ್ಲಿ ನಾಗರಿಕರನ್ನು ರಕ್ಷಿಸುತ್ತೇವೆ ಅಂತ ಇಬ್ಬರ ಪ್ರತಿನಿಧಿಗಳೂ ಸಹಿ ಹಾಕಿದರು. ಆ ತಿಂಗಳು ಮುಗಿಯೋದರೊಳಗೆ ಸೇನೆ ಮಾತುಕತೆಯಿಂದ ಎದ್ದು ಹೋಯಿತು. ಮತ್ತೆ ಅಕ್ಟೋಬರ್‌ನಲ್ಲಿ ಕೂತರು, ವರ್ಷ ಮುಗಿಯುವಷ್ಟರಲ್ಲಿ ಅದೂ ಮುರಿಯಿತು. 2024ರ ಆಗಸ್ಟ್‌ನಲ್ಲಿ ಜಿನೀವಾಕ್ಕೆ ಕರೆದರೆ ಸೇನೆ ಬರಲೇ ಇಲ್ಲ. ಆದರೂ ಆ ಹೊತ್ತಿನಲ್ಲಿ ಒಂದು ಕೆಲಸ ಆಯಿತು: ಚಾಡ್ ಗಡಿಯ ಅಡ್ರೆ ದಾರಿ ತೆರೆದು ಧಾನ್ಯದ ಲಾರಿಗಳು ಒಳಗೆ ಹೋದವು. ರಾಜತಾಂತ್ರಿಕತೆ ಅಂದ್ರೆ ಬರೀ ಫೋಟೊ ಅಂತ ಬೈಯುವ ಮುನ್ನ ಆ ಲಾರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಿಶ್ವಸಂಸ್ಥೆ ಏನು ಮಾಡಿತು? 2024ರ ಜೂನ್‌ನಲ್ಲಿ ಭದ್ರತಾ ಮಂಡಳಿ ಎಲ್ ಫಾಶೆರ್‌ನ ಮುತ್ತಿಗೆ ನಿಲ್ಲಿಸಿ ಅಂತ ನಿರ್ಣಯ ಮಾಡಿತು. 14 ದೇಶ ಪರ, ರಷ್ಯಾ ತಟಸ್ಥ. ಮುತ್ತಿಗೆ ನಿಲ್ಲಲಿಲ್ಲ. ಆಗಸ್ಟ್‌ನಲ್ಲಿ ಆ ಊರಿನ ಪಕ್ಕದ ಝಮ್‌ಝಮ್ ಶಿಬಿರದಲ್ಲಿ ಬರಗಾಲ ಅಂತ ಅಧಿಕೃತವಾಗಿ ಹೇಳಿದರು. ನವೆಂಬರ್‌ನಲ್ಲಿ ಇನ್ನೊಂದು ನಿರ್ಣಯ ಬಂದಾಗ ರಷ್ಯಾ ವೀಟೊ ಹಾಕಿತು.

ತೊಡಕಿನ ಬೇರು ಎಲ್ಲಿದೆ ಅಂದರೆ, ಮಧ್ಯಸ್ಥಿಕೆಗೆ ಕೂತವರು ಪಕ್ಷವಿಲ್ಲದವರಲ್ಲ. ಈಜಿಪ್ಟ್ ಸೇನೆಯ ಕಡೆಗಿದೆ. ಯುಎಇ ಆರ್‌ಎಸ್‌ಎಫ್‌ಗೆ ಶಸ್ತ್ರ ಕೊಡುತ್ತಿದೆ ಎಂಬ ಆರೋಪವಿದೆ, ಅದು ನಿರಾಕರಿಸುತ್ತಲೇ ಬಂದಿದೆ. ಸುಡಾನ್ ಹೂಡಿದ ಮೊಕದ್ದಮೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 2025ರ ಮೇನಲ್ಲಿ ತನ್ನ ವ್ಯಾಪ್ತಿಗೆ ಬರೋದಿಲ್ಲ ಅಂತ ಕೈಬಿಟ್ಟಿತು. ಇವೆರಡೂ ಸೌದಿ, ಅಮೆರಿಕದ ಜತೆ ಸೇರಿ ಆ ಸೆಪ್ಟೆಂಬರ್ 12ರಂದು ಮೂರು ತಿಂಗಳ ಮಾನವೀಯ ವಿರಾಮ ಕೊಡಿ ಅಂದವು. ಅಕ್ಟೋಬರ್ 26ರಂದು ಎಲ್ ಫಾಶೆರ್ ಆರ್‌ಎಸ್‌ಎಫ್ ಕೈಗೆ ಬಿತ್ತು, ಊರಲ್ಲಿ ಸಾಮೂಹಿಕ ಕೊಲೆಗಳಾದವು. ಅದಾದ ಮೇಲೆ ನವೆಂಬರ್ 6ಕ್ಕೆ ಆರ್‌ಎಸ್‌ಎಫ್ ವಿರಾಮಕ್ಕೆ ಒಪ್ಪಿದೆವು ಅಂದಿತು! ಊರು ಗೆದ್ದವರಿಗೆ ವಿರಾಮ ಅನುಕೂಲ, ಸೋತವರಿಗೆ ಅವಮಾನ. ಸೇನೆ ಒಪ್ಪಲಿಲ್ಲ. ಯಾರು ಗೆಲ್ಲುತ್ತಿದ್ದಾರೋ ಅವರಿಗೆ ಮಾತು ಬೇಡ, ಯಾರು ಸೋಲುತ್ತಿದ್ದಾರೋ ಅವರಿಗೆ ಈಗಲೇ ಬೇಡ. ಮೂರು ವರ್ಷದ ಮಾತುಕತೆ ಈ ಉಯ್ಯಾಲೆಯಲ್ಲೇ ತೂಗುತ್ತಾ ಬಂದಿದೆ.

ಹಾಗಾಗಿ ಅಂಗಡಿಯಲ್ಲಿ ಕೇಳಿದವರಿಗೆ ನನ್ನ ಉತ್ತರ ಇದು. ಜನರಲ್‌ಗಳನ್ನು ಮೇಜಿಗೆ ಕರೆಯುವುದು ಅರ್ಧ ಕೆಲಸ. ಹಣ, ಚಿನ್ನ, ಶಸ್ತ್ರ ಹರಿಯುವ ದಾರಿಯ ಬಗ್ಗೆ ಮಾತಾಡುವವರೆಗೆ ಉಳಿದರ್ಧ ಆಗೋದಿಲ್ಲ. ನಮ್ಮ ದೇಶಕ್ಕೆ ಸೌದಿ, ಯುಎಇ, ಈಜಿಪ್ಟ್ ಮೂವರ ಜತೆಗೂ ಒಳ್ಳೆಯ ಸಂಬಂಧವಿದೆ. ಬಸ್ಸು ಬಿಡಿಸಲು ಬಳಸಿದ ಆ ಸಲುಗೆಯನ್ನು ಧಾನ್ಯದ ಲಾರಿ ಬಿಡಿಸಲೂ ಬಳಸಬಹುದು. ಮನೆ ಬಿಟ್ಟವರು 1.2 ಕೋಟಿಯಷ್ಟು ಸುಡಾನಿಗಳು. ಅವರನ್ನು ಕರೆದುಕೊಂಡು ಬರಲು ಯಾವ ದೇಶದ ಹಡಗೂ ಕಾಯುತ್ತಿಲ್ಲ.

ಕೊನೆಗೊಂದು ಮಾತು, ನಮ್ಮ ಊರುಗಳಿಗೆ. ಹೆಚ್ಚು ಓದದವರು ಕೆಲಸಕ್ಕೆಂದು ಸುಡಾನ್‌ನಂಥ ದೇಶಕ್ಕೆ ಹೋಗುವಾಗ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ವ್ಯಾಪಾರಕ್ಕೆ ಅಂತ ಸಣ್ಣ ವೀಸಾದಲ್ಲಿ ಹೋದವರು ಆ ಪಟ್ಟಿಯಲ್ಲಿ ಇರೋದಿಲ್ಲ. ಹೊರದೇಶಕ್ಕೆ ಹೋದ ಕೂಡಲೇ ಅಲ್ಲಿನ ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿ. ನೀವು ಎಲ್ಲಿದ್ದೀರಿ ಅಂತ ಗೊತ್ತಿದ್ದರೆ ತಾನೇ ಬಸ್ಸು ನಿಮ್ಮ ಬಾಗಿಲಿಗೆ ಬರೋದು? ಎಣ್ಣೆ ಮಾರಲು ಹೊರಟ ಪರಿಚಯದವರು ಯಾರಾದರೂ ಇದ್ದರೆ ಇಷ್ಟನ್ನು ಅವರಿಗೆ ಹೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.