ಹುಬ್ಬಳ್ಳಿಯ ವಿದ್ಯಾನಗರ: ಒಂದು ಉಪನಗರದ ಹುಟ್ಟು, ಗುಣ, ಹೊಣೆ

 

ಶ್ರೀಮಠದ ಈ ಮಹೋತ್ಸವದಲ್ಲಿ ಹುಬ್ಬಳ್ಳಿಯ ವಿದ್ಯಾನಗರದ ಬೆಳವಣಿಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿದೆ. ಮನುಷ್ಯನಿಗೆ ಇರುವಂತೆ ಊರಿಗೂ ಒಂದು ಹುಟ್ಟುಗುಣ ಉಂಟು. ಯಾವ ಕಾರ್ಯಕ್ಕಾಗಿ ಊರಿನ ಮೊದಲ ಕಲ್ಲು ನೆಡಲ್ಪಟ್ಟಿತೋ, ಆ ಕಾರ್ಯದ ಛಾಯೆಯು ಬಹುಕಾಲ ಅದರ ಮೇಲೆ ಉಳಿಯುತ್ತದೆ. ಹುಬ್ಬಳ್ಳಿಯ ಚರಿತ್ರೆಯಲ್ಲಿ ಈ ಮಾತಿಗೆ ಸಾಕಷ್ಟು ಪ್ರಮಾಣಗಳು ದೊರೆಯುತ್ತವೆ.

ಹಳೆಯ ಹುಬ್ಬಳ್ಳಿಯ ಮಗ್ಗುಲಲ್ಲಿ ಹದಿನೆಂಟನೆಯ ಶತಮಾನದಲ್ಲಿ ಬಸಪ್ಪಶೆಟ್ಟರು ಹೊಸ ಪೇಟೆಯನ್ನು ಕಟ್ಟಿಸಿದರು. ವ್ಯಾಪಾರಕ್ಕಾಗಿ ಹುಟ್ಟಿದ ಆ ಹೊಸ ಹುಬ್ಬಳ್ಳಿಯು ಇಂದಿಗೂ ವ್ಯಾಪಾರದ ಊರೇ ಆಗಿರುತ್ತದೆ. ದುರ್ಗದಬೈಲಿನಲ್ಲಿ ಒಂದು ಸಂಜೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಬಂದಿತು. ಅದರ ಹಿಂದೆಯೇ ರೈಲ್ವೆ ಕಾರ್ಖಾನೆಯೂ ಬಂದಿತು. ಕೇಶ್ವಾಪುರದ ಕಡೆಗೆ ಬೆಳೆದ ವಸತಿಗೆ ರೈಲಿನ ಸಿಳ್ಳೂ ಕಾರ್ಖಾನೆಯ ವೇಳಾಪಾಲನೆಯೂ ಹುಟ್ಟುಗುಣಗಳಾದವು. ಹೀಗೆ ಪೇಟೆಯೊಂದು, ಕಾರ್ಖಾನೆಯೊಂದು ಆದ ಮೇಲೆ, ಮೂರನೆಯ ಬಾರಿ ಊರು ತನ್ನ ಎಲ್ಲೆಯನ್ನು ದಾಟಿದ್ದು ಧಾರವಾಡದ ಹಾದಿಯಲ್ಲಿ. ಈ ಸಲ ಮುಂದೆ ನಡೆದದ್ದು ವಿದ್ಯೆ.

ಆ ಹಾದಿಯ ನೆಲವು ಜೋಳ ಹತ್ತಿಗಳನ್ನು ಬೆಳೆಯುವ ಎರೆಭೂಮಿ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಸ್ಥಾಪಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1947ರಲ್ಲಿ ಇಲ್ಲಿ ಬಸಪ್ಪ ವೀರಪ್ಪ ಭೂಮರಡ್ಡಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. ಆಗ ಈ ಭಾಗವೆಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಎಂಜಿನಿಯರಿಂಗ್ ಕಲಿಯಬೇಕೆಂಬ ಹುಡುಗನು ಪುಣೆಗಾಗಲಿ, ಮೈಸೂರು ಸಂಸ್ಥಾನದ ಬೆಂಗಳೂರಿಗಾಗಲಿ ಹೋಗಬೇಕಾಗಿದ್ದಿತು. ಬಡ ರೈತನ ಮಗನಿಗೆ ಅದು ಕಾಶಿಯಷ್ಟೇ ದೂರ. ಆ ದೂರವನ್ನು ಕಡಿಮೆ ಮಾಡಿದುದೇ ಈ ಉಪನಗರದ ಮೊದಲ ಪುಣ್ಯ.

1957ರಲ್ಲಿ ಅದೇ ಹಾದಿಯಲ್ಲಿ ಸರಕಾರದ ಕರ್ನಾಟಕ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. 1996ರಲ್ಲಿ ಅದು ಹೊಸ ಹೆಸರು ಪಡೆಯಿತು. ಜನರ ಬಾಯಲ್ಲಿ ಅದು 'ಕಿಮ್ಸ್' ಎಂದೇ ನಿಂತಿದೆ. ಅದರ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳದ ಕಡೆಯಿಂದಲೂ ರೋಗಿಗಳು ಬರುವರು. ರೋಗಿಯ ಜೊತೆಗೆ ಬಂದ ಬಂಧುಗಳು ರೊಟ್ಟಿಯ ಗಂಟನ್ನು ಬಿಚ್ಚಿಕೊಂಡು ಅಂಗಳದಲ್ಲಿ ಕುಳಿತಿರುವುದನ್ನು ಕಂಡವರಿಗೆ, ವಿದ್ಯೆಯ ಫಲವು ಯಾರಿಗೆ ಸಲ್ಲಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ವಿದ್ಯಾರ್ಥಿಗಳು ಬಂದಲ್ಲಿ ಖಾನಾವಳಿಗಳು ಬಂದವು. ಅಧ್ಯಾಪಕರು ಬಂದಲ್ಲಿ ಮನೆಗಳು ಎದ್ದವು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳೆರಡನ್ನೂ ಒಂದೇ ಮಹಾನಗರಪಾಲಿಕೆಯ ಆಡಳಿತಕ್ಕೆ ಸೇರಿಸಿದ ಬಳಿಕ, ಇಪ್ಪತ್ತು ಕಿಲೋಮೀಟರಿನ ಆ ಹಾದಿಯು ಎರಡೂರುಗಳ ನಡುವಣ ಬೀದಿಯೇ ಆಗತೊಡಗಿತು. ಉಣಕಲ್ಲು, ನವನಗರ, ಅಮರಗೋಳ, ರಾಯಾಪುರ, ಸತ್ತೂರುಗಳು ಹಾರದ ಮಣಿಗಳಂತೆ ಸೇರಿಕೊಂಡವು. 2020ರಲ್ಲಿ ವಿಧಿವತ್ತಾಗಿ ಆರಂಭವಾದ ತ್ವರಿತ ಬಸ್ಸಿನ ಮಾರ್ಗವು ಪ್ರಯಾಣವನ್ನು ಸುಲಭಗೊಳಿಸಿತು. ಆದರೆ ಆ ದಾರಿಯ ಎಷ್ಟೋ ನೆರಳಿನ ಮರಗಳು ಅದಕ್ಕಾಗಿ ಬಲಿಯಾದವು.

ಹೊರಗಿನ ಈ ಬೆಳವಣಿಗೆಯ ಜೊತೆಗೆ ಒಳಗಿನ ಬೆಳವಣಿಗೆಯನ್ನೂ ನೋಡಬೇಕು. 1960ರ ದಶಕದ ಕೊನೆಯಲ್ಲಿ ಶ್ರೀಮತಿ ಸುಧಾ ಮೂರ್ತಿಯವರು ಭೂಮರಡ್ಡಿ ಕಾಲೇಜನ್ನು ಸೇರಿದಾಗ ಅಲ್ಲಿ ಅವರೊಬ್ಬರೇ ವಿದ್ಯಾರ್ಥಿನಿ. ಹೆಣ್ಣುಮಕ್ಕಳಿಗೆ ಶೌಚಗೃಹವೂ ಇರಲಿಲ್ಲವೆಂದು ಅವರೇ ಬರೆದಿರುವರು. ಈಗ ವಿಶ್ವವಿದ್ಯಾಲಯವಾಗಿರುವ ಅದೇ ಆವರಣದಲ್ಲಿ ಹೆಣ್ಣುಮಕ್ಕಳು ಗುಂಪುಗುಂಪಾಗಿ ನಡೆದಾಡುವರು. ಯಾವ ಕಟ್ಟಡದ ಎತ್ತರಕ್ಕಿಂತಲೂ ಇದು ದೊಡ್ಡ ಏಳಿಗೆ.

ಇನ್ನು ಋಣದ ಮಾತು. ವಿದ್ಯಾನಗರಕ್ಕಿಂತ ಎಷ್ಟೋ ಮೊದಲೇ ಅಲ್ಲಿ ಉಣಕಲ್ಲೆಂಬ ಹಳ್ಳಿಯಿದ್ದಿತು. ಕಲ್ಯಾಣದ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ದೇವಾಲಯವು ಅದರ ಪ್ರಾಚೀನತೆಗೆ ಸಾಕ್ಷಿ. ಸಿದ್ಧಪ್ಪಜ್ಜನವರ ಗದ್ದುಗೆಯು ಅಲ್ಲಿನ ಜನರ ಭಕ್ತಿಯ ನೆಲೆ. ಉಣಕಲ್ಲ ಕೆರೆಯು ಒಂದು ಕಾಲಕ್ಕೆ ಹುಬ್ಬಳ್ಳಿಗೇ ಕುಡಿಯುವ ನೀರನ್ನು ಕೊಟ್ಟಿತು. ನೀರಸಾಗರದ ನೀರೂ ಮಲಪ್ರಭೆಯ ನೀರೂ ಕೊಳವೆಗಳಲ್ಲಿ ಬಂದ ಮೇಲೆ ನಾವು ಆ ತಾಯಿಯನ್ನು ಮರೆತೆವು. ಮರೆತದ್ದಷ್ಟೇ ಅಲ್ಲ, ಹೊಸ ಬಡಾವಣೆಗಳ ಗಟಾರದ ನೀರನ್ನು ಅವಳ ಮಡಿಲಿಗೇ ಹರಿಸಿದೆವು. ಕೊಳೆ ನೀರನ್ನುಂಡು ಅಂತರಗಂಗೆಯು ಹಬ್ಬುತ್ತದೆ. ಅದನ್ನು ಕಿತ್ತು ತೆಗೆಯುವರು, ಅದು ಮತ್ತೆ ಹಬ್ಬುತ್ತದೆ. ಗಟಾರದ ಬಾಯಿಯನ್ನು ತಿರುಗಿಸದೆ ಬಳ್ಳಿಯನ್ನು ಮಾತ್ರ ಕಿತ್ತರೆ ಪ್ರಯೋಜನವೇನು? ನೀರಿನ ಶಾಸ್ತ್ರವನ್ನು ಕಲಿಸುವ ಕಾಲೇಜು, ನೀರಿನಿಂದ ಬರುವ ರೋಗಗಳನ್ನು ವಾಸಿಮಾಡುವ ಆಸ್ಪತ್ರೆ ಇವೆರಡೂ ಇರುವ ಊರಿನ ಹತ್ತಿರದ ಕೆರೆಯೇ ರೋಗಿಯಾಗಿರುವುದು ವಿದ್ಯೆಗೆ ಒಪ್ಪುವ ಮಾತಲ್ಲ.

ಆದುದರಿಂದ ಈ ಸಭೆಯ ಮುಂದೆ ನನ್ನ ಬಿನ್ನಹವಿಷ್ಟೆ. ವಿದ್ಯಾನಗರದಲ್ಲಿ ಮನೆ ಮಾಡಿರುವ ಭಕ್ತರು ತಮ್ಮ ಮನೆಯ ಕೊಳೆ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಲಿ. ಅದು ಕೆರೆಯ ಕಡೆಗೆ ಹೋಗುತ್ತಿದ್ದರೆ ಪಾಲಿಕೆಯವರನ್ನು ಬಿಡದೆ ಕೇಳಲಿ. ಕೋಣೆಗಳನ್ನು ಬಾಡಿಗೆಗೆ ಕೊಡುವವರು ಹಳ್ಳಿಯಿಂದ ಬಂದ ಬಡ ವಿದ್ಯಾರ್ಥಿಯ ಶಕ್ತಿಯನ್ನು ನೋಡಿ ಬಾಡಿಗೆಯನ್ನು ಹೇಳಲಿ. ಯಾವ ರೈತರ ಹೊಲಗಳ ಮೇಲೆ ಈ ಊರು ನಿಂತಿದೆಯೋ, ಅವರ ಮೊಮ್ಮಕ್ಕಳು ಇಲ್ಲಿಯ ತರಗತಿಗಳಲ್ಲಿ ಕುಳಿತಿರುವರೇ ಎಂಬುದನ್ನು ಸಂಸ್ಥೆಗಳವರು ಎಣಿಸಿ ನೋಡಲಿ. ಇವು ಮೂರೂ ದೊಡ್ಡ ದ್ರವ್ಯವನ್ನು ಬೇಡುವ ಕಾರ್ಯಗಳಲ್ಲ, ಮನಸ್ಸನ್ನು ಬೇಡುವಂಥವು.

ಪೇಟೆಯು ತನ್ನ ವ್ಯಾಪಾರವನ್ನು ಬಿಡಲಿಲ್ಲ, ಕಾರ್ಖಾನೆಯು ತನ್ನ ದುಡಿಮೆಯನ್ನು ಬಿಡಲಿಲ್ಲ. ವಿದ್ಯೆಯ ಹೆಸರನ್ನು ಹೊತ್ತ ಊರು ತನ್ನ ವಿವೇಕವನ್ನು ಬಿಡದಿರಲೆಂದು ಹಾರೈಸುತ್ತೇನೆ.